ಅಡಿಕೆ ಬಾಯನ್ನು ಬಿಗಿಯುವುದು ಹೇಗೆ?

ಗಣಪತಿ ಹಬ್ಬ ಕಳೆದು ದೀಪಾವಳಿ ಹತ್ತಿರ ಬರುವ ಹೊತ್ತಿಗೆ ಚನ್ನಗಿರಿ ಸೀಮೆಯ ಹಳ್ಳಿಗಳಲ್ಲಿ ಅಡಿಕೆ ಬೇಯಿಸುವ ಹಂಡೆಗಳು ಒಲೆಯೇರುತ್ತವೆ. ಓಣಿಯ ತುಂಬ ಒಗರು ವಾಸನೆ. ಸುಲಿಯಲು ಸಾಲಾಗಿ ಕುಳಿತ ಹೆಂಗಸರ ಬೆರಳುಗಳಿಗೆ ಹತ್ತಿದ ಕಪ್ಪು ಎಷ್ಟು ತಿಕ್ಕಿದರೂ ಬೇಗ ಹೋಗದು. ಹೊನ್ನಾಳಿಯಲ್ಲಿ ತುಂಗಭದ್ರೆಯ ಆಸರೆ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಯ ಕಡೆಗೂ ಗದ್ದೆಯಿದ್ದಲ್ಲಿ ತೋಟ ಎದ್ದಿದೆ. ಜಗಳೂರು ಜೋಳ, ಶೇಂಗಾ, ಮೆಕ್ಕೆಜೋಳದ ಒಣಸೀಮೆ. ಅಲ್ಲಿಯೂ ಕೊಳವೆಬಾವಿಯನ್ನು ನಂಬಿ ಅಡಿಕೆ ಸಸಿ ಇಟ್ಟವರು ಉಂಟು. ಮಗಳ ಮದುವೆ, ಮಗನ ಕಾಲೇಜಿನ ಫೀಸು, ಮನೆಗೆ ತಾರಸಿ, ಕೊರಳಿಗೆ ಎರಡೆಳೆ ಸರ, ಇವೆಲ್ಲ ಆ ವರ್ಷದ ಅಡಿಕೆಯ ಧಾರಣೆಯ ಮೇಲೆಯೇ ನಿಂತಿರುವುದು ಈ ಭಾಗದ ಗೃಹಿಣಿಯರಿಗೆ ನಾನು ಹೇಳಿ ತಿಳಿಯಬೇಕಾದ ಮಾತಲ್ಲ.

ಹೀಗಿರುವಾಗ ಅಡಿಕೆಯ ಮೇಲೆ ದೂರು ಹೇಳಿದರೆ ಯಾರಿಗೆ ತಾನೆ ಹಿತವಾದೀತು? ಕಳಶಕ್ಕೆ ಅಡಿಕೆ ಬೇಕು, ಬಾಗಿನಕ್ಕೆ ಬೇಕು, ಮನೆಗೆ ಬಂದ ಮುತ್ತೈದೆಯ ಕೈಗೆ ಎಲೆಯ ಮೇಲೆ ಇಟ್ಟು ಕೊಡಲು ಬೇಕು. ಆದರೂ ಇದೇ ಮನೆಗಳಲ್ಲಿ ಇನ್ನೊಂದು ಮಾತೂ ಕೇಳಿಬರುತ್ತದೆ. “ಬಾಯಿ ಉರೀತೈತವ್ವ, ಸಾರಿಗೆ ಇಷ್ಟು ಖಾರ ಯಾಕ ಹಾಕ್ತಿ?” ಎಂದು ಇಪ್ಪತ್ತೆರಡರ ಮಗ ತಟ್ಟೆ ಸರಿಸುತ್ತಾನೆ. ತಾಯಿ ಖಾರ ಕಡಿಮೆ ಮಾಡುತ್ತಾಳೆ. ಕೆಲವು ತಿಂಗಳಾದ ಮೇಲೆ ರೊಟ್ಟಿಯ ತುತ್ತನ್ನು ಚಿಕ್ಕದು ಮಾಡಿಕೊಂಡು ತಿನ್ನುತ್ತಾನೆ. ಆಕಳಿಸಿದರೆ ಕೆನ್ನೆ ಎಳೆಯುತ್ತದೆ. ಕೊನೆಗೊಂದು ದಿನ ಹಲ್ಲುನೋವೆಂದು ಡಾಕ್ಟರ ಬಳಿ ಹೋದರೆ, ಹಲ್ಲು ನೋಡಲು ಬಾಯೇ ತೆರೆಯದು. ಖಾರವೂ ಕಾರಣವಲ್ಲ, ಹಲ್ಲೂ ಕಾರಣವಲ್ಲ. ಕೆನ್ನೆಯ ಒಳಗೆ ಚರ್ಮದಡಿ ನಾರು ಬೆಳೆದು ಬಾಯಿ ಬಿಗಿದಿರುತ್ತದೆ. ವೈದ್ಯರು ಇದನ್ನು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ನಾವು ನಾರುಬಾಯಿ ರೋಗ ಎಂದುಕೊಳ್ಳೋಣ.

ಈ ನಾರು ಹೇಗೆ ಹುಟ್ಟುತ್ತದೆ ಎಂಬುದನ್ನು ನಮ್ಮ ಬೆಂಗಳೂರಿನಲ್ಲೇ, ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ಪ್ರಯೋಗಶಾಲೆ ವರ್ಷಗಟ್ಟಲೆ ಕುಳಿತು ಬಿಡಿಸಿದೆ. ಪ್ರೊಫೆಸರ್ ಪಿ. ಕೊಂಡಯ್ಯ ಮತ್ತು ಅವರ ಶಿಷ್ಯರ ಕೆಲಸವದು. ಅವರ ಪ್ರಬಂಧಗಳು ಇಂಗ್ಲಿಷಿನ ಪತ್ರಿಕೆಗಳಲ್ಲಿ, ವಿಜ್ಞಾನಿಗಳಿಗೆ ಮಾತ್ರ ಅರ್ಥವಾಗುವ ಭಾಷೆಯಲ್ಲಿ ಇವೆ. ಅಡಿಕೆ ಸುಲಿಯುವವರ ಅಂಗಳಕ್ಕೆ ಆ ಸಂಗತಿ ಬರಬೇಡವೇ? ಅದಕ್ಕಾಗಿ ಈ ಲೇಖನ.

ಮೊದಲು ಸ್ವಲ್ಪ ಹಿಂದಿನ ಕಥೆ. ಈ ಕಾಯಿಲೆಯನ್ನು ಇತ್ತೀಚಿನ ವೈದ್ಯಶಾಸ್ತ್ರ ಮೊದಲು ಗುರುತಿಸಿದ್ದು ಹೆಂಗಸರಲ್ಲಿ ಎಂದರೆ ಆಶ್ಚರ್ಯವಾದೀತು. 1952ರಲ್ಲಿ ಷ್ವಾರ್ಟ್ಸ್ ಎಂಬ ವೈದ್ಯರು ಆಫ್ರಿಕದ ಕೀನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರ ಬಾಯಿ ಬಿಗಿದಿರುವುದನ್ನು ಕಂಡು ಬರೆದರು. ಕಾರಣ ತಿಳಿಯದ ಕಾಯಿಲೆ ಎಂದೇ ಹೆಸರಿಟ್ಟರು. ಮರುವರ್ಷ 1953ರಲ್ಲಿ ಮುಂಬಯಿಯ ಡಾಕ್ಟರ್ ಜೋಶಿಯವರು ಇಲ್ಲಿಯ ರೋಗಿಗಳಲ್ಲೂ ಇದೇ ನಾರನ್ನು ಕಂಡು, ಇಂದು ಬಳಕೆಯಲ್ಲಿರುವ ಹೆಸರನ್ನು ಕೊಟ್ಟರು. ದೇಶ ಬಿಟ್ಟು ಹೋದರೂ ಎಲೆಅಡಿಕೆಯ ಚೀಲ ಬಿಡದವರು ನಾವು. ಕಾಯಿಲೆಯೂ ಹಡಗು ಹತ್ತಿ ಹೋಗಿತ್ತು, ಅಷ್ಟೆ.

ಅಪರಾಧಿ ಯಾರೆಂಬುದು ಮಾತ್ರ ಬಹಳ ದಿನ ಗೊತ್ತಾಗಲಿಲ್ಲ. ಮೊದಲ ಅನುಮಾನ ಬಿದ್ದದ್ದು ಮೆಣಸಿನಕಾಯಿಯ ಮೇಲೆ! ಮುಂಬಯಿಯಲ್ಲಿ ಸತ್ಯವತಿ ಸಿರ್ಸಾಟ್ ಎಂಬ ವಿಜ್ಞಾನಿ, ತಮ್ಮ ಗುರು ಖಾನೋಳ್ಕರ್ ಅವರೊಂದಿಗೆ, ಮೆಣಸಿನಕಾಯಿಯ ಖಾರದ ಸತ್ವವನ್ನು ಇಲಿಗಳ ಅಂಗಳಕ್ಕೆ ಬಳಿದು ನೋಡಿ 1960ರಲ್ಲಿ ಪ್ರಕಟಿಸಿದರು. ರಕ್ತಹೀನತೆ, ಪೋಷಣೆಯ ಕೊರತೆ, ತಂಬಾಕು, ಹೀಗೆ ಅನುಮಾನದ ಪಟ್ಟಿ ಬೆಳೆಯಿತು. ನಮ್ಮ ಹೆಂಗಸರು ಸಾರಿನ ಖಾರವನ್ನು ಬೈದುಕೊಳ್ಳುವುದೂ ಆ ಹಳೆಯ ಅನುಮಾನದ ಜಾಡಿನಲ್ಲೇ ಇದೆ. 1981ರಲ್ಲಿ ಲಂಡನ್ನಿನ ಕ್ಯಾನಿಫ್ ಮತ್ತು ಹಾರ್ವಿ ಎಂಬಿಬ್ಬರು ಅಡಿಕೆಯ ಸಾರವನ್ನು ಪ್ರಯೋಗಶಾಲೆಯ ಜೀವಕೋಶಗಳಿಗೆ ಹಾಕಿದಾಗ, ಕೊಲ್ಯಾಜೆನ್ ಎಂಬ ನಾರಿನ ಪ್ರೋಟೀನು ಹೆಚ್ಚು ತಯಾರಾಯಿತು. ಅಡಿಕೆಯಲ್ಲಿ ತಾಮ್ರದ ಅಂಶ ಹೆಚ್ಚಿರುವುದೂ, ನಾರಿಗೆ ನಾರು ಹೆಣೆಯುವ ಕೆಲಸಕ್ಕೆ ಆ ತಾಮ್ರ ನೆರವಾಗುವುದೂ ಆಮೇಲೆ ಚರ್ಚೆಗೆ ಬಂತು. ಬೆರಳು ಅಡಿಕೆಯ ಕಡೆಗೆ ತಿರುಗಿತು. ಆದರೆ ಒಂದು ಕಾಯಿ ಜಗಿದರೆ ಕೆನ್ನೆಯೊಳಗೆ ಹಗ್ಗ ಹೊಸೆಯುವಷ್ಟು ಕೆಲಸ ಹೇಗೆ ನಡೆಯುತ್ತದೆ?

ಅದನ್ನು ತಿಳಿಯಲು ಮೊದಲು ನಮ್ಮ ಈಳಿಗೆಮಣೆಯ ಹತ್ತಿರ ಹೋಗೋಣ. ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡಿರಿ ಎನ್ನಿ. ಹತ್ತು ಹದಿನೈದು ದಿನದಲ್ಲಿ ಗಾಯ ಮಾಯುತ್ತದೆ. ಮಾಯಿಸುವವರು ಯಾರು? ಚರ್ಮದಡಿಯಲ್ಲಿ ನಾರು ನೇಯುವ ಜೀವಕೋಶಗಳಿವೆ, ಅವು ಮಾಯಿಸುತ್ತವೆ. ಅವುಗಳಿಗೆ “ಇಲ್ಲಿ ಹರಿದಿದೆ, ಬಂದು ಹೊಲಿಯಿರಿ” ಎಂದು ಹೇಳಿಕಳಿಸುವ ಒಂದು ಪ್ರೋಟೀನು ದೇಹದಲ್ಲಿದೆ. ಅದರ ಹೆಸರು ಟಿಜಿಎಫ್ ಬೀಟಾ. ಹೆಸರು ಬಾಯಿಗೆ ಹತ್ತದಿದ್ದರೆ ಹೇಳಿಕೆಯಾಳು ಎನ್ನಿ. ಹೇಳಿಕೆ ತಲುಪುತ್ತದೆ, ನೇಯ್ಗೆ ನಡೆಯುತ್ತದೆ, ಗಾಯ ಕೂಡುತ್ತದೆ, ಹೇಳಿಕೆ ನಿಲ್ಲುತ್ತದೆ. ಇದು ಸರಿಯಾದ ಸಂಸಾರ. ಹೇಳಿಕೆ ನಿಲ್ಲದೇ ಹೋದರೆ? ಅಗತ್ಯವಿಲ್ಲದಿದ್ದರೂ ನೇಯ್ಗೆ ನಡೆಯುತ್ತಲೇ ಇರುತ್ತದೆ. ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ, ಮೂತ್ರಪಿಂಡದಲ್ಲಿ ನಾರು ತುಂಬುವ ಬೇರೆ ಬೇರೆ ಕಾಯಿಲೆಗಳಲ್ಲಿಯೂ ಇದೇ ಹೇಳಿಕೆಯಾಳಿನ ಕೈವಾಡ ಕಂಡಿದೆ.

ಈ ಪ್ರೋಟೀನಿನ ಬೆನ್ನು ಹತ್ತಿ ಜಗತ್ತಿಗೆ ಪರಿಚಯಿಸಿದವರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಮೈಕೇಲ್ ಸ್ಪೋರ್ನ್ ಮತ್ತು ಅನಿತಾ ರಾಬರ್ಟ್ಸ್ ಮುಖ್ಯರು. ಅನಿತಾ ಎಂದ ಕೂಡಲೇ ನಮ್ಮವರೇ ಎನ್ನಿಸುತ್ತದಲ್ಲವೇ? ಅಲ್ಲ, ಅಮೆರಿಕದ ಹೆಣ್ಣುಮಗಳು. ಲೋಕದ ವಿಜ್ಞಾನಿಗಳು ಅತಿ ಹೆಚ್ಚು ಬಾರಿ ಉಲ್ಲೇಖಿಸಿದ ಮಹಿಳಾ ವಿಜ್ಞಾನಿಗಳಲ್ಲಿ ಒಬ್ಬರಾಗಿದ್ದ ಆಕೆ 2006ರಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದಲೇ ತೀರಿಕೊಂಡರು. ಕೊಂಡಯ್ಯನವರು ಈ ಗುಂಪಿನೊಡನೆ ಕೆಲಸ ಮಾಡಿದವರು. ಅವರೆಲ್ಲ ಕೂಡಿ 1990ರಲ್ಲಿ ಪ್ರಕಟಿಸಿದ ಪ್ರಬಂಧ ಕಪ್ಪೆಯದು. ಒಂದು ಜಾತಿಯ ಆಫ್ರಿಕದ ಕಪ್ಪೆಯಲ್ಲಿ ಟಿಜಿಎಫ್ ಬೀಟಾದ ಹೊಸ ಬಂಧುವೊಂದನ್ನು, ಐದನೆಯದನ್ನು, ಅವರು ಗುರುತಿಸಿದರು. ಕಪ್ಪೆಗೂ ಚನ್ನಗಿರಿಯ ಅಡಿಕೆಗೂ ಏನು ಸಂಬಂಧ ಎಂದು ಅಂದು ಕೇಳಿದ್ದರೆ ಯಾರೂ ಉತ್ತರ ಹೇಳುತ್ತಿರಲಿಲ್ಲ. ವಿದ್ಯೆ ಹೀಗೆಯೇ. ಎಲ್ಲಿಯೋ ಕಲಿತ ಕಸೂತಿ ಇನ್ನೆಲ್ಲಿಯೋ ಕೈಗೆ ಬರುತ್ತದೆ.

ಬೆಂಗಳೂರಿನಲ್ಲಿ ಅವರು ಕೆಲಸ ಮಾಡಿದ್ದು ಸಂತಾನೋತ್ಪತ್ತಿ, ಬೆಳವಣಿಗೆ, ತಳಿಗುಣಗಳನ್ನು ಅಣುಗಳ ಮಟ್ಟದಲ್ಲಿ ಅಭ್ಯಾಸ ಮಾಡುವ ವಿಭಾಗದಲ್ಲಿ. ನಾರುಬಾಯಿ ರೋಗದ ಕೆಲಸ ಒಬ್ಬರಿಂದ ಆಗುವಂಥದಲ್ಲ. ರೋಗಿ ಬರುವುದು ದಂತವೈದ್ಯರ ಬಳಿಗೆ. ಜೀವಕೋಶದೊಳಗಿನ ಅಣುಗಳನ್ನು ಓದಬಲ್ಲ ಯಂತ್ರ, ವಿದ್ಯೆ ಇರುವುದು ವಿಜ್ಞಾನಿಗಳ ಬಳಿ. ಆದ್ದರಿಂದ ದಂತವೈದ್ಯರೂ ವಿಜ್ಞಾನಿಗಳೂ ಕೈಜೋಡಿಸಿದರು. ರೋಗಿಗಳ ಕೆನ್ನೆಯ ಒಳಭಾಗದಿಂದ ತೆಗೆದ ಚೂರುಗಳನ್ನೂ, ಆರೋಗ್ಯವಂತರ ಚೂರುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ನೋವಿನ ನಡುವೆಯೂ ತಮ್ಮ ಬಾಯಿಯ ಚೂರನ್ನು ಪರೀಕ್ಷೆಗೆ ಕೊಟ್ಟ ಆ ಹೆಸರಿಲ್ಲದ ರೋಗಿಗಳನ್ನೂ ಈ ಸಂಶೋಧನೆಯ ಪಾಲುದಾರರೆಂದೇ ನಾನು ಲೆಕ್ಕ ಹಿಡಿಯುತ್ತೇನೆ.

2011ರಲ್ಲಿ ಇಮ್ರಾನ್ ಖಾನ್ ಮೊದಲಾದ ಶಿಷ್ಯರೊಂದಿಗೆ ಬಂದ ಪ್ರಬಂಧ ಹೇಳಿದ್ದು ಇದು. ರೋಗಿಯ ಕೆನ್ನೆಯಲ್ಲಿ ನಾರು ನೇಯಿಸುವ ಟಿಜಿಎಫ್ ಬೀಟಾ ಏರಿದೆ. ಅದಕ್ಕೆ ಎದುರಾಗಿ ನಿಂತು ನಾರನ್ನು ತಡೆಯಬೇಕಾದ ಬಿಎಂಪಿ-7 ಎಂಬ ಇನ್ನೊಂದು ಪ್ರೋಟೀನು ಇಳಿದಿದೆ. ಗಾಡಿಯ ವೇಗವೂ ಹೆಚ್ಚಿತು, ಬ್ರೇಕೂ ಸಡಿಲವಾಯಿತು.

ಮರುವರ್ಷದ, 2012ರ ಪ್ರಬಂಧ ಇನ್ನೂ ಸ್ವಾರಸ್ಯದ್ದು. ಅಡಿಕೆಯನ್ನು ನೀರಿಗೆ ಹಾಕಿ ಸಾರ ಇಳಿಸಿದರು. ನಮ್ಮ ಹಂಡೆಯ ಚೊಗರಿನ ತಂಗಿ ಎನ್ನಬಹುದಾದ ಆ ಸಾರವನ್ನು, ಪ್ರಯೋಗಶಾಲೆಯಲ್ಲಿ ಬೆಳೆಸಿದ ಮನುಷ್ಯರ ಮೇಲ್ಪದರದ ಜೀವಕೋಶಗಳಿಗೆ ಹಾಕಿದರು. ಆಗ ಆ ಕೋಶಗಳಲ್ಲಿ ಯಾವ ಯಾವ ಜೀನ್‌ಗಳು ಏರುಪೇರಾದವು ಎಂದು ಲೆಕ್ಕ ಹಾಕಿದರು. ಬೇರೆ ಕೋಶಗಳಿಗೆ ಅಡಿಕೆ ಹಾಕದೆ ಟಿಜಿಎಫ್ ಬೀಟಾವನ್ನೇ ಹಾಕಿ ಇನ್ನೊಂದು ಲೆಕ್ಕ ಮಾಡಿದರು. ಎರಡೂ ಪಟ್ಟಿ ಹೋಲಿಸಿದರೆ, ಅಡಿಕೆಯ ಸಾರ ಕದಲಿಸಿದ ಜೀನ್‌ಗಳಲ್ಲಿ ನೂರಕ್ಕೆ 64ರಷ್ಟು ಟಿಜಿಎಫ್ ಬೀಟಾ ಕದಲಿಸುವಂಥವೇ ಆಗಿದ್ದವು! ಆ ಪ್ರೋಟೀನಿನ ಹೇಳಿಕೆ ಕೋಶದೊಳಗೆ ಇಳಿಯದಂತೆ ಔಷಧದಿಂದ ತಡೆದಾಗ, ಅಡಿಕೆಯ ಪ್ರಭಾವದಲ್ಲಿ ಬಹುಪಾಲು ಕುಗ್ಗಿತು.

ಇಲ್ಲೊಂದು ಸೂಕ್ಷ್ಮವಿದೆ, ದಯವಿಟ್ಟು ನಿಧಾನವಾಗಿ ಓದಿ. ನಾರು ನೇಯುವುದು ಚರ್ಮದಡಿಯ ಕೋಶಗಳು. ಹಾಗಾದರೆ ಅಡಿಕೆ ನೇರವಾಗಿ ಅವುಗಳನ್ನೇ ಕೆಣಕುತ್ತದೆ ಎಂದುಕೊಳ್ಳಬೇಕಲ್ಲವೇ? ಅದನ್ನೂ ಪರೀಕ್ಷಿಸಿದರು. ಒಸಡಿನ ನೇಯುವ ಕೋಶಗಳಿಗೆ ಅಡಿಕೆಯ ಸಾರ ಹಾಕಿದರೆ ಟಿಜಿಎಫ್ ಬೀಟಾದ ಹೇಳಿಕೆ ಏಳಲೇ ಇಲ್ಲ. ಎದ್ದದ್ದು ಮೇಲ್ಪದರದ ಕೋಶಗಳಲ್ಲಿ. ಅಂದರೆ ಅಡಿಕೆ ಕೆಣಕುವುದು ಅಡಿಕೆಯನ್ನು ಮುಟ್ಟುವ ಮೇಲ್ಪದರವನ್ನು. ಮೇಲ್ಪದರ ಕೆಳಗಿನವರಿಗೆ “ಇಲ್ಲಿ ಗಾಯವಾಗಿದೆ” ಎಂದು ಕೂಗಿ ಹೇಳುತ್ತದೆ. ಕೆಳಗಿನವರು ಪಾಪ, ಹೇಳಿದ ಕೆಲಸ ಮಾಡುತ್ತಾರೆ. ಅತ್ತೆ ಪಡಸಾಲೆಯಲ್ಲಿ ಕುಳಿತು ಕೂಗಿದರೆ ಅಡಿಗೆಮನೆಯಲ್ಲಿ ಸೊಸೆ ಮತ್ತೆ ಮತ್ತೆ ಕಾಫಿ ಮಾಡಿದ ಹಾಗೆ. ದೇಹದಲ್ಲಿ ಟಿಜಿಎಫ್ ಬೀಟಾ ಸಾಮಾನ್ಯವಾಗಿ ಮುಸುಕೆಳೆದು ಮಲಗಿರುತ್ತದೆ. ಅದನ್ನು ಎಬ್ಬಿಸುವ ಇನ್ನೊಂದು ಪ್ರೋಟೀನನ್ನೂ ಅಡಿಕೆ ಹೆಚ್ಚಿಸುವುದು ಕಂಡುಬಂತು. ಹೇಳಿಕೆಯಾಳನ್ನು ಹೆಚ್ಚಿಸಿ, ಮಲಗಿದವನನ್ನು ಎಬ್ಬಿಸುವವನನ್ನೂ ಕರೆತಂದ ಹಾಗಾಯಿತು.

2015ರಲ್ಲಿ ಇಳಾ ಪಂತ್ ಎಂಬ ವಿಜ್ಞಾನಿ ಮುಂದಾಗಿ ಬರೆದ ಪ್ರಬಂಧ ಈ ಮೇಲಿನವರ, ಕೆಳಗಿನವರ ಮಾತುಕತೆಯನ್ನೇ ಹಿಂಬಾಲಿಸಿತು. ಅಡಿಕೆಯಿಂದ ಕೆಣಕಿದ ಮೇಲ್ಪದರದ ಕೋಶಗಳು ಹೊರಬಿಟ್ಟ ದ್ರವವನ್ನು ನೇಯುವ ಕೋಶಗಳಿಗೆ ಹಾಕಿದಾಗ ಅವು ಎಚ್ಚೆತ್ತು ಕೆಲಸಕ್ಕಿಳಿದವು. ಅವರೇ 2016ರಲ್ಲಿ ಇನ್ನೊಂದು ಮೆಟ್ಟಿಲು ಇಳಿದರು. ಕೋಶ ಸಾಯುವಷ್ಟು ಅಲ್ಲ, ಸಾಯದ ಪ್ರಮಾಣದ ಅಡಿಕೆಯೇ ಸಾಕು. ಅದು ಕೋಶದ ಮೇಲಿನ ಒಂದು ಬೀಗವನ್ನು ತೆಗೆಯುತ್ತದೆ, ಒಳಗೆ ಕ್ಯಾಲ್ಸಿಯಂ ಏರುತ್ತದೆ, ಒಂದರ ಹಿಂದೊಂದು ಸಂಕೇತ ಸಾಗಿ, ಕೊನೆಗೆ ಟಿಜಿಎಫ್ ಬೀಟಾ ತಯಾರಿಸುವ ಜೀನಿನ ಬಾಗಿಲಿಗೆ ಹೋಗಿ ಮುಟ್ಟುತ್ತದೆ. ಅದೇ ಗುರುತುಗಳು ರೋಗಿಗಳ ಕೆನ್ನೆಯ ಚೂರಿನಲ್ಲಿಯೂ ಸಿಕ್ಕವು. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಕಂಡದ್ದು ಮನುಷ್ಯರ ಬಾಯಲ್ಲಿಯೂ ಕಂಡರೆ ಮಾತಿಗೆ ತೂಕ ಬರುತ್ತದೆ.

ಆ ಬೀಗದ ಹೆಸರು ಮಸ್ಕರಿನಿಕ್ ಗ್ರಾಹಕ. ಇಲ್ಲಿಂದ ಕಥೆ ಔಷಧಶಾಸ್ತ್ರದ ಮನೆಗೆ ಹೊರಳುತ್ತದೆ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ರಾಸಾಯನಿಕವಿರುವುದನ್ನು 1888ರಲ್ಲೇ ಜರ್ಮನಿಯ ಯಾನ್ಸ್ ಎಂಬಾತ ಬೇರ್ಪಡಿಸಿ ತೋರಿಸಿದ್ದ. ಹೊಸದಾಗಿ ಅಡಿಕೆ ಜಗಿದವರಿಗೆ ಬಾಯಿ ತುಂಬ ನೀರೂರುವುದು, ಮೈ ಬಿಸಿಯಾಗಿ ಬೆವರೊಡೆಯುವುದು, ತಲೆ ಸುತ್ತುವುದು ಅದರ ಪ್ರತಾಪವೇ. ನಮ್ಮ ಜೊಲ್ಲಿನ ಗ್ರಂಥಿಗೆ, ಬೆವರಿನ ಗ್ರಂಥಿಗೆ, ಕರುಳಿಗೆ, ಮಿದುಳಿಗೂ ಮಸ್ಕರಿನಿಕ್ ಎಂಬ ಬೀಗಗಳಿವೆ. ಅರೆಕೋಲಿನ್ ಅವಕ್ಕೆ ಸರಿಹೊಂದುವ ಬೀಗದಕೈ. ನಾಯಿಗಳ ಹೊಟ್ಟೆಯ ಲಾಡಿಹುಳು ಕೆಡವಲು ಪಶುವೈದ್ಯರು ಇದನ್ನೇ ಮದ್ದಾಗಿ ಕೊಡುತ್ತಿದ್ದ ಕಾಲವೂ ಇತ್ತು. ಎಲೆಗೆ ಸುಣ್ಣ ಹಚ್ಚಿದಾಗ ಅರೆಕೋಲಿನ್ ಮಾರ್ಪಟ್ಟು ಅರೆಕೈಡಿನ್ ಎಂಬ ಇನ್ನೊಂದು ರೂಪ ತಾಳುತ್ತದೆ. ಬೆಂಗಳೂರಿನವರು 2012ರಲ್ಲಿ ಪರೀಕ್ಷಿಸಿದಾಗ ಅರೆಕೋಲಿನ್, ಅರೆಕೈಡಿನ್ ಮಾತ್ರವಲ್ಲ, ಒಗರಿನ ಟ್ಯಾನಿನ್ ಕೂಡ ಟಿಜಿಎಫ್ ಬೀಟಾದ ಸಂಕೇತವನ್ನು ಎಬ್ಬಿಸಿತು. ಆದ್ದರಿಂದ ಅಡಿಕೆಯಲ್ಲಿ ಒಂದು ವಿಷ ತೆಗೆದುಬಿಟ್ಟರೆ ಉಳಿದದ್ದು ಶುದ್ಧ ಎನ್ನುವ ಹಾಗಿಲ್ಲ.

“ಹಾಗಾದ್ರೆ ಅಡಿಕೇಲಿ ಒಳ್ಳೇದು ಏನೂ ಇಲ್ವಾ?” ಎಂದು ಕೇಳುವಿರಿ. ಇದೆ, ಮತ್ತು ಆ ಕಥೆ ಬಲು ಚೆನ್ನಾಗಿದೆ. 1990ರ ದಶಕದ ಆರಂಭದಲ್ಲಿ ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್ ಕಂಪನಿಯ ವಿಜ್ಞಾನಿಗಳು ಅರೆಕೋಲಿನ್ನಿನ ಅಣುವನ್ನು ಮಾದರಿಯಾಗಿಟ್ಟುಕೊಂಡು, ಅದರ ಒಂದು ತುದಿಯನ್ನು ಬದಲಿಸಿ ಜಾನೋಮೆಲಿನ್ ಎಂಬ ಹೊಸ ಅಣು ಕಟ್ಟಿದರು. ಅದು ಮಿದುಳಿನ ಬೀಗಗಳನ್ನು ಚೆನ್ನಾಗಿ ತೆರೆಯಿತು. ಮರೆಗುಳಿ ಕಾಯಿಲೆಯ ವೃದ್ಧರಿಗೆ ಕೊಟ್ಟು ನೋಡಿದಾಗ ಅವರ ಭ್ರಮೆ, ಗಲಾಟೆ ತಗ್ಗಿದವು. ಆದರೆ ಹೊಟ್ಟೆ ತೊಳಸು, ವಾಂತಿ, ಬೆವರು ತಾಳಲಾಗದೆ ಮದ್ದು ಮೂಲೆಗೆ ಬಿತ್ತು. ಎಷ್ಟೋ ವರ್ಷದ ಮೇಲೆ ಅಮೆರಿಕದ ಇನ್ನೊಂದು ಕಂಪನಿ ಒಂದು ಉಪಾಯ ಮಾಡಿತು. ಮಿದುಳಿಗೆ ಹೆಚ್ಚಾಗಿ ಹೋಗದೆ ದೇಹದ ಉಳಿದ ಭಾಗದಲ್ಲಿ ಮಾತ್ರ ಬೀಗ ಮುಚ್ಚುವ ಟ್ರೋಸ್ಪಿಯಂ ಎಂಬ ಹಳೆಯ ಮದ್ದನ್ನು ಇದರೊಂದಿಗೆ ಬೆರೆಸಿತು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ಆಡಳಿತ ಈ ಜೋಡಿ ಮದ್ದನ್ನು ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆ ಒಪ್ಪಿತು. ದಶಕಗಳಿಂದ ಬಳಕೆಯಲ್ಲಿದ್ದ ಮದ್ದುಗಳಿಗಿಂತ ಬೇರೆಯೇ ದಾರಿಯಲ್ಲಿ ಕೆಲಸ ಮಾಡುವ ಮದ್ದು ಇದು.

ಇದನ್ನು ಓದಿ ಯಾರಾದರೂ “ನೋಡಿದ್ರಾ, ಅಡಿಕೆ ತಿಂದ್ರೆ ತಲೆಗೆ ಒಳ್ಳೇದಂತೆ” ಎಂದಾರು. ಖಂಡಿತ ಹಾಗಲ್ಲ. ಆ ಮದ್ದಿನಲ್ಲಿ ಅಡಿಕೆಯ ಚೂರೂ ಇಲ್ಲ. ಅಡಿಕೆಯ ಅಣುವನ್ನು ನೋಡಿ ಮನುಷ್ಯರು ಕಟ್ಟಿದ ಬೇರೆ ಅಣು ಅದು. ಅಳತೆ ಮಾಡಿ ಕೊಡುವುದು, ಪಕ್ಕದ ಕೆಡುಕಿಗೆ ತಡೆ ಹಾಕುವುದು, ಬಾಯಲ್ಲಿ ಗಂಟೆಗಟ್ಟಲೆ ಇಟ್ಟುಕೊಳ್ಳದೆ ನುಂಗುವುದು, ಇವೆಲ್ಲ ಇದ್ದಾಗ ಮದ್ದು. ದವಡೆಯಲ್ಲಿ ಒತ್ತರಿಸಿಕೊಂಡು ದಿನವಿಡೀ ಕೂತರೆ ಅದೇ ಜಾತಿಯ ಬೀಗದಕೈ ಕೆನ್ನೆಗೆ ನಾರು ನೇಯಿಸುತ್ತದೆ.

ಇನ್ನು ಮನೆಯವರೆಲ್ಲ ಕೇಳುವ ಪ್ರಶ್ನೆಗಳು. ತಂಬಾಕು ಬೆರೆತರೆ ಕೆಟ್ಟದ್ದು, ಬರೀ ಅಡಿಕೆಗೇನು ದೋಷ ಎನ್ನುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿಯೂ 1985ರಲ್ಲಿ ತಂಬಾಕು ಬೆರೆತ ಎಲೆಅಡಿಕೆಯನ್ನು ಮಾತ್ರ ಕ್ಯಾನ್ಸರ್‌ಕಾರಕ ಎಂದಿತ್ತು. ಆದರೆ ಹೆಚ್ಚಿನ ಆಧಾರಗಳು ಬಂದ ಮೇಲೆ 2003ರಲ್ಲಿ ಅದೇ ಮಂಡಳಿ ತಂಬಾಕಿಲ್ಲದ ಎಲೆಅಡಿಕೆಯನ್ನೂ, ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ತಂಬಾಕು ಕೂಡಿದರೆ ಕೇಡು ಇನ್ನೂ ಹೆಚ್ಚು, ಅದರಲ್ಲಿ ಅನುಮಾನವಿಲ್ಲ. ನಾರುಬಾಯಿ ರೋಗಕ್ಕಂತೂ ಅಡಿಕೆ ಒಂದೇ ಸಾಕು.

ಬೇಯಿಸಿದ ಅಡಿಕೆಯಲ್ಲಿ ದೋಷ ಇಳಿದುಹೋಗುವುದಿಲ್ಲವೇ? ಬೇಯಿಸಿದಾಗ ಒಂದಷ್ಟು ಸತ್ವ ಚೊಗರಿಗೆ ಇಳಿಯುವುದು ನಿಜ, ನಿಮ್ಮ ಬೆರಳೇ ಸಾಕ್ಷಿ. ಆದರೆ ಎಲ್ಲವೂ ಇಳಿಯುವುದಿಲ್ಲ. ಬೆಂದ ಅಡಿಕೆಗೆ ಬಣ್ಣ ಬರಲೆಂದು ಆ ಚೊಗರನ್ನೇ ಮತ್ತೆ ಕೊಡುವುದೂ ಉಂಟಲ್ಲ.

“ನಮ್ಮಜ್ಜಿ ತೊಂಬತ್ತು ವರ್ಷ ಕುಟ್ಟಾಣೀಲಿ ಕುಟ್ಕೊಂಡು ತಿಂದ್ಳು, ಏನೂ ಆಗಲಿಲ್ಲ.” ಈ ಅಜ್ಜಿ ಪ್ರತಿ ಮನೆಯಲ್ಲೂ ಇದ್ದಾಳೆ. ಅವಳ ಪುಣ್ಯ ದೊಡ್ಡದು. ತಿಂದವರೆಲ್ಲರಿಗೂ ಬರುತ್ತದೆಂದು ಯಾವ ವಿಜ್ಞಾನಿಯೂ ಹೇಳಿಲ್ಲ. ಅಜ್ಜಿಯ ಎಲೆಯೊಳಗೆ ಅಡಿಕೆಯ ಚೂರು ಚಿಕ್ಕದು, ಎಲೆ ದೊಡ್ಡದು, ಊಟವಾದ ಮೇಲೆ ಒಂದು ಸಲ. ಮೊಮ್ಮಗನ ಜೇಬಿನ ಪ್ಯಾಕೆಟ್ಟಿನಲ್ಲಿ ಹಸಿರೆಲೆಯೇ ಇಲ್ಲ. ಒಣ ಅಡಿಕೆಯೇ ಹೆಚ್ಚು, ಸುವಾಸನೆ, ಸುಣ್ಣ, ಕಾಚು ಬೇರೆ. 1990ರ ದಶಕದಲ್ಲಿ ಹೈದರಾಬಾದಿನಲ್ಲಿ, ದೆಹಲಿಯಲ್ಲಿ ನಡೆದ ಅಧ್ಯಯನಗಳಲ್ಲಿ, ಎಲೆಅಡಿಕೆಯವರಿಗಿಂತ ಪಾನ್ ಮಸಾಲಾ, ಗುಟ್ಕಾದವರಿಗೆ ಬಹಳ ಬೇಗ, ಕೆಲವೇ ವರ್ಷಗಳಲ್ಲಿ ಬಾಯಿ ಬಿಗಿದದ್ದು ಕಂಡಿತು. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲಿ ನಿಷೇಧವಾಯಿತು. ಆಮೇಲೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಅಂಗಡಿಯ ಮುಂದೆ ತೂಗಾಡಿದ್ದನ್ನು ನೀವೇ ಕಂಡಿದ್ದೀರಿ. ಬೆರೆಸಿಕೊಳ್ಳುವ ಕೆಲಸ ಗಿರಾಕಿಯದಾಯಿತು, ಇಷ್ಟೇ ವ್ಯತ್ಯಾಸ.

ಬಾಣಂತಿಗೆ ಊಟವಾದ ಮೇಲೆ ಎಲೆಅಡಿಕೆ ಕೊಡುವ ಪದ್ಧತಿ ನಮ್ಮಲ್ಲಿದೆ. ಎಲೆ ಕೊಡಿ, ಸೋಂಪು ಕೊಡಿ, ಅಡಿಕೆಯನ್ನು ತಟ್ಟೆಯಲ್ಲೇ ಬಿಡಿ. ಬಸುರಿಯರು ಅಡಿಕೆ ಜಗಿದರೆ ಹುಟ್ಟುವ ಮಗುವಿನ ತೂಕ ತಗ್ಗುವುದನ್ನು ತೈವಾನಿನ ಅಧ್ಯಯನಗಳು ತೋರಿಸಿವೆ.

ಈ ರೋಗ ಬರೀ ಬಾಯಿ ಬಿಗಿಯುವುದಕ್ಕೆ ನಿಲ್ಲುವುದಿಲ್ಲ ಎಂಬುದು ಭಯದ ಮಾತು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ನಾರ್ಬಾಯಿಯ 66 ಮಂದಿಯನ್ನು 17 ವರ್ಷ ಹಿಂಬಾಲಿಸಿ ನೋಡಿದರು. ಐವರಿಗೆ ಬಾಯಿಯ ಕ್ಯಾನ್ಸರ್ ಆಗಿತ್ತು. 1985ರಲ್ಲಿ ಪ್ರಕಟವಾದ ಲೆಕ್ಕವಿದು. ಹೊಸ ಲೆಕ್ಕವೂ ಇದೆ. 2022ರಲ್ಲಿ ಲೋಕದಲ್ಲಿ ಸುಮಾರು 1,20,200 ಬಾಯಿಯ ಕ್ಯಾನ್ಸರಿಗೆ ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಂಡಳಿ ಅಂದಾಜು ಮಾಡಿತು. ಅದರಲ್ಲಿ ಸುಮಾರು 83,400 ನಮ್ಮ ದೇಶದ್ದೇ.

ಅಡಿಕೆ ಬೆಳೆಯುವವರ ಕಷ್ಟ ನನಗೆ ಗೊತ್ತಿಲ್ಲದೆ ಇಲ್ಲ. ಇಂಥ ಸುದ್ದಿ ಬಂದಾಗಲೆಲ್ಲ ಧಾರಣೆ ಬಿದ್ದೀತೆಂಬ ಅಂಜಿಕೆ. ಹತ್ತು ವರ್ಷ ಕಾದು ಬೆಳೆಸಿದ ಮರವನ್ನು ಯಾರೂ ಒಂದು ಲೇಖನ ಓದಿ ಕಡಿಯುವುದಿಲ್ಲ, ಕಡಿಯಿರಿ ಎಂದು ನಾನೂ ಹೇಳುವುದಿಲ್ಲ. ಹಾಳೆಯಿಂದ ಊಟದ ತಟ್ಟೆ ಆಗುತ್ತಿದೆ. ಸಾಗರದ ಬಳಿ ಹೆಗ್ಗೋಡಿನ ‘ಚರಕ’ದ ಹೆಂಗಸರು ಅದೇ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಚೆಂದದ ಬಣ್ಣ ಹಾಕುತ್ತಾರೆ. ಅಷ್ಟರಿಂದಲೇ ಇಡೀ ತೋಟ ಬದುಕುವುದಿಲ್ಲ, ಅದೂ ನಿಜ. ಆದರೆ ಮಾರುವ ಸರಕನ್ನೆಲ್ಲ ಮನೆಯವರು ತಿನ್ನಲೇಬೇಕೆಂಬ ನಿಯಮ ಎಲ್ಲಿದೆ? ಸುಲಿಯುತ್ತ ಸುಲಿಯುತ್ತ ಒಂದು ಹೋಳು ಬಾಯಿಗೆ ಹಾಕಿಕೊಳ್ಳುವುದು, ಮಗು ಅತ್ತರೆ ಅದರ ಬಾಯಿಗೂ ಒಂದು ಚೂರು ಇಡುವುದು, ಈ ಎರಡನ್ನು ಬಿಟ್ಟರೆ ಧಾರಣೆಗೆ ಒಂದು ಪೈಸೆಯ ನಷ್ಟವಿಲ್ಲ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಬಾಯನ್ನು ಪೂರ್ತಿ ತೆರೆದು, ತಮ್ಮದೇ ಕೈಯ ಮೂರು ಬೆರಳು, ತೋರುಬೆರಳಿನಿಂದ ಉಂಗುರದ ಬೆರಳಿನವರೆಗೆ, ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಲಿ. ಬಹುತೇಕ ದೊಡ್ಡವರಿಗೆ ಇದು ಸಲೀಸು. ಎರಡೇ ಬೆರಳು ಹೋದರೆ, ಕೆನ್ನೆಯ ಒಳಭಾಗ ಗುಲಾಬಿ ಬಣ್ಣ ಕಳೆದುಕೊಂಡು ಬಿಳಿಚಿದ್ದರೆ, ಬೆರಳಿನಿಂದ ಸವರಿದಾಗ ಹುರಿಯಂತೆ ಏನೋ ತಗುಲಿದರೆ, ಮೊದಲು ತಿನ್ನುತ್ತಿದ್ದ ಖಾರ ಈಗ ಉರಿದರೆ, ತಡ ಮಾಡಬೇಡಿ. ಚನ್ನಗಿರಿಯಿಂದಾಗಲಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದಾಗಲಿ ದಾವಣಗೆರೆ ದೂರವಲ್ಲ. ಬಾಪೂಜಿ ದಂತ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಅಲ್ಲಿಯೇ ಇವೆ. ಮಗ ಬರಲು ಒಪ್ಪದಿದ್ದರೆ ಬೈದು ಪ್ರಯೋಜನವಿಲ್ಲ. ಜಗಿಯುವುದು ಚಟ, ಅರೆಕೋಲಿನ್ ಮಿದುಳಿನ ಬೀಗವನ್ನೂ ತೆರೆದು ಮತ್ತೆ ಬೇಕೆನ್ನಿಸುತ್ತದೆ. “ಬಿಡೋ” ಎಂದ ಕೂಡಲೇ ಬಿಡುವಂಥದಾಗಿದ್ದರೆ ಎಂದೋ ಬಿಡುತ್ತಿದ್ದ. ಹಲ್ಲು ತೋರಿಸಿಕೊಂಡು ಬರೋಣ ಬಾ ಎಂದು ಕರೆದೊಯ್ಯಿರಿ, ಉಳಿದದ್ದನ್ನು ಡಾಕ್ಟರು ಹೇಳಲಿ.

ಚಿಕಿತ್ಸೆಯ ವಿಷಯದಲ್ಲಿ ಸುಳ್ಳು ಭರವಸೆ ಬೇಡ. ಬೆಳೆದ ನಾರನ್ನು ಪೂರ್ತಿ ಕರಗಿಸುವ ಮದ್ದು ಬಂದಿಲ್ಲ. ಹೇಳಿಕೆಯಾಳನ್ನೇ ಕಟ್ಟಿಹಾಕಿಬಿಟ್ಟರೆ ಆಯಿತಲ್ಲ ಎಂದರೆ, ಅವನು ದೇಹದ ಒಳ್ಳೆಯ ಗಾಯಗಳಿಗೂ ಬೇಕಾದವನು, ಕಟ್ಟಿಹಾಕುವುದು ಸುಲಭವಲ್ಲ. ಕೆನ್ನೆಗೆ ಸ್ಟೀರಾಯ್ಡ್ ಮತ್ತು ಹಯಲುರೊನಿಡೇಸ್ ಚುಚ್ಚುಮದ್ದು ಕೊಡುತ್ತಾರೆ. ತೀರ ಬಿಗಿದರೆ ಶಸ್ತ್ರಚಿಕಿತ್ಸೆ ಮಾಡಿ ನಾರು ಕತ್ತರಿಸುತ್ತಾರೆ. ಅಡಿಕೆ ನಿಲ್ಲಿಸದೆ ಇವಾವುದೂ ನಿಲ್ಲುವುದಿಲ್ಲ, ಏಕೆಂದರೆ ಮೇಲ್ಪದರ ಮತ್ತೆ ಕೂಗಲು ತೊಡಗುತ್ತದೆ. ಮೊದಲಲ್ಲೇ ನಿಲ್ಲಿಸಿದವರಿಗೆ ಉರಿ ತಗ್ಗುವುದು, ಬಿಗಿತ ಮುಂದುವರಿಯದೆ ನಿಲ್ಲುವುದು ಉಂಟು. ಬಿಟ್ಟ ಮೇಲೂ ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು; ಬಾಯಲ್ಲಿ ಹದಿನೈದು ದಿನ ಮಾಯದ ಹುಣ್ಣಿದ್ದರೆ ಆರು ತಿಂಗಳು ಕಾಯಲೇಬಾರದು.

ಡಾಕ್ಟರು ಹೇಳಿಕೊಡುವ ಬಾಯಿಯ ವ್ಯಾಯಾಮವಂತೂ ಮನೆಯವರ ಕೈಯಲ್ಲೇ ಇದೆ. ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಗಳನ್ನು ತೊಳೆದು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಹಿಡಿಯುವುದು, ಕೆಲವು ದಿನಕ್ಕೊಮ್ಮೆ ಒಂದು ಕಡ್ಡಿ ಹೆಚ್ಚಿಸುವುದು. ದಿನಕ್ಕೆ ನಾಲ್ಕೈದು ಸಲ, ಪ್ರತಿ ಸಲ ಕೆಲವು ನಿಮಿಷ. ಎಷ್ಟು ಕಡ್ಡಿ ಹಿಡಿಯಿತೆಂದು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ. ಅಲ್ಲಿಯವರೆಗೆ ಅವನ ಸಾರಿಗೆ ಖಾರ ಬೇರೆ ತೆಗೆದಿಡುವುದು, ಅನ್ನ ಸ್ವಲ್ಪ ಮೆತ್ತಗೆ ಮಾಡುವುದು, ಸೊಪ್ಪು ತರಕಾರಿ ಹಣ್ಣು ಹೆಚ್ಚಿಸುವುದು ನಿಮಗೆ ಗೊತ್ತೇ ಇದೆ.